ಹದಿನಾರು ಸಮ ಹದಿನಾರು

ನಮ್ಮ ಓಣಿಯ ರೇಣುಕಾ ಹತ್ತನೆಯ ತರಗತಿಯಲ್ಲಿ ಓದುತ್ತಾಳೆ. ಸಂಜೆ ಶಾಲೆ ಬಿಟ್ಟ ಮೇಲೆ ನನ್ನ ಹತ್ತಿರ ಗಣಿತ ಹೇಳಿಸಿಕೊಳ್ಳಲು ಬರುವ ಹುಡುಗಿಯರಲ್ಲಿ ಅವಳೇ ಚುರುಕು. ಹಾಗಾಗಿ ತಪ್ಪು ಮಾಡುವುದರಲ್ಲೂ ಅವಳದು ಧೈರ್ಯದ ಕೈ. ಮೊನ್ನೆ ಒಂದು ಲೆಕ್ಕ ಕೊಟ್ಟಿದ್ದೆ. ತಾಯಿ ಮತ್ತು ಮಗಳ ವಯಸ್ಸು ಕೂಡಿದರೆ ಅರವತ್ತು. ತಾಯಿ ಮಗಳಿಗಿಂತ ಹದಿನಾರು ವರ್ಷ ದೊಡ್ಡವಳು. ಯಾರ ವಯಸ್ಸು ಎಷ್ಟು? ಗೊತ್ತಿಲ್ಲದವು ಎರಡು, ಸಮೀಕರಣಗಳೂ ಎರಡು. ಒಂದು ಸಮೀಕರಣದಿಂದ ತಾಯಿಯ ವಯಸ್ಸನ್ನು ಮಗಳ ಲೆಕ್ಕದಲ್ಲಿ ಹೇಳಬೇಕು. ಆಮೇಲೆ ಅದನ್ನು ಒಯ್ದು ಇನ್ನೊಂದು ಸಮೀಕರಣದಲ್ಲಿ ತಾಯಿ ಕೂತ ಜಾಗದಲ್ಲಿ ಕೂರಿಸಬೇಕು. ನಾವು ಓದುವಾಗ ಇದಕ್ಕೆ ಆದೇಶ ವಿಧಾನ ಎನ್ನುತ್ತಿದ್ದರು. ರೇಣುಕಾಳ ಶಾಲೆಯಲ್ಲಿ ಸಬ್‌ಸ್ಟಿಟ್ಯೂಷನ್ ಎನ್ನುತ್ತಾರೆ, ಪಕ್ಕದ ತೆಲುಗು ಶಾಲೆಯಲ್ಲಿ ಪ್ರತಿಕ್ಷೇಪಣ ಎನ್ನುತ್ತಾರೆ. ನಮ್ಮ ಜಹೀರಾಬಾದಿನಲ್ಲಿ ಯಾವ ವಸ್ತುವಿಗೂ ಮೂರಕ್ಕಿಂತ ಕಡಿಮೆ ಹೆಸರಿಲ್ಲ.

ರೇಣುಕಾ ಮೊದಲ ಅರ್ಧವನ್ನು ಸರಿಯಾಗಿಯೇ ಮಾಡಿದ್ದಳು. ತಾಯಿ ಎಂದರೆ ಮಗಳು ಕೂಡಿಸು ಹದಿನಾರು ಎಂದು ಬರೆದಿದ್ದಳು. ಆದರೆ ಅದನ್ನು ಅರವತ್ತರ ಸಮೀಕರಣಕ್ಕೆ ಒಯ್ಯುವುದು ಬಿಟ್ಟು, ಯಾವುದರಿಂದ ತೆಗೆದಿದ್ದಳೋ ಅದರಲ್ಲಿಯೇ ತಿರುಗಿ ಹಾಕಿಬಿಟ್ಟಿದ್ದಳು. ಮಗಳು ಹೊಡೆದುಹೋದಳು, ತಾಯಿಯೂ ಹೋದಳು, ಕೊನೆಗೆ ಉಳಿದದ್ದು ಹದಿನಾರು ಸಮ ಹದಿನಾರು. ಉತ್ತರ ಬಂದಿದೆ, ಆದರೆ ಯಾರ ವಯಸ್ಸೂ ಬಂದಿಲ್ಲ ಎಂದು ಪೆನ್ನು ಕಚ್ಚುತ್ತಾ ಕೂತಿದ್ದಳು.

ಈ ತಪ್ಪನ್ನು ಪ್ರತಿ ವರ್ಷ ಯಾರಾದರೊಬ್ಬರು ಮಾಡುತ್ತಾರೆ. ನಿಮ್ಮಲ್ಲಿಯೂ ಕೆಲವರು ಮಾಡಿ ಮರೆತಿರಬಹುದು. ಬೇರೆ ತಪ್ಪುಗಳಿಗೆ ಕೆಂಪು ಗೆರೆ ಎಳೆಯಬಹುದು, ಇದಕ್ಕೆ ಎಳೆಯಲು ಬರುವುದಿಲ್ಲ. ಒಂದೊಂದು ಸಾಲೂ ಸರಿ. ಹದಿನಾರು ಹದಿನಾರಕ್ಕೆ ಸಮವೇ, ಅದನ್ನು ಯಾವ ಪಂಡಿತನೂ ಅಲ್ಲಗಳೆಯಲಾರ. ಸತ್ಯ ಸಿಕ್ಕಿತು, ಉಪಯೋಗಕ್ಕೆ ಬರಲಿಲ್ಲ, ಅಷ್ಟೆ. ನಾನು ಮೊದಲು ನಕ್ಕೆ. ಆಮೇಲೆ ನಗು ಬರಲಿಲ್ಲ.

ಇನ್ನೊಂದು ಸಮೀಕರಣದಲ್ಲಿ ಹಾಕು ಎಂದೆ. ಹಾಕಿದಳು. ತಾಯಿಗೆ ಮೂವತ್ತೆಂಟು, ಮಗಳಿಗೆ ಇಪ್ಪತ್ತೆರಡು. ಆಗ ಅವಳಿಗೆ ಬೇರೆಯೇ ಅನುಮಾನ ಬಂತು. "ಟೀಚರ್, ಹದಿನಾರಕ್ಕೇ ಹಡದಾಳೇನ್ರಿ ಆಕಿ?" ಎಂದಳು. ಲೆಕ್ಕದಲ್ಲಿ ಹಡೆದ ಮಾತು ಎಲ್ಲಿದೆ ತೋರಿಸು, ದೊಡ್ಡವಳು ಎಂದಷ್ಟೇ ಇದೆ ಎಂದು ಗದರಿಸಿದೆ. ಹುಡುಗಿಯರು ಮುಖ ಮುಖ ನೋಡಿಕೊಂಡರು. ಆ ಲೆಕ್ಕ ಯಾವ ಪುಸ್ತಕದ್ದೂ ಅಲ್ಲ, ನಾನೇ ಕಟ್ಟಿದ್ದು. ನನ್ನ ಮಗಳು ಅಂಬಿಕಾ ಹುಟ್ಟಿದಾಗ ನನಗೆ ಹದಿನಾರು. ನಾನು ಅವಳನ್ನು ಹಡೆದವಳಲ್ಲ.

ನನಗೆ ಈ ವಿಧಾನ ಕಲಿಸಿದವರು ನಾರಾಯಣಖೇಡದ ಕಾಶಿನಾಥ ಮಾಸ್ತರು. ನಮ್ಮದು ಕನ್ನಡ ಮಾಧ್ಯಮ. ಅಂಗಡಿಯಲ್ಲಿ ಉರ್ದುವಿನಲ್ಲಿ ಎಣಿಸಿ, ಬಸ್ಸಿನಲ್ಲಿ ತೆಲುಗಿನಲ್ಲಿ ಜಗಳಾಡಿ, ಶಾಲೆಗೆ ಬಂದು ಕನ್ನಡದಲ್ಲಿ ಗುಣಿಸುವ ಜನ ನಾವು. ತರಗತಿಯಲ್ಲಿ ಮಕ್ಕಳು ಕಡಿಮೆ, ಬೆಂಚುಗಳು ಬೇಕಾದಷ್ಟು. ಮಾಸ್ತರು ಆ ಬೆಂಚುಗಳನ್ನೇ ಸಮೀಕರಣ ಮಾಡಿದರು. ಒಂದು ಬೆಂಚಿನ ಮೇಲೆ ಎಕ್ಸ್ ಮತ್ತು ವೈ, ಇನ್ನೊಂದರ ಮೇಲೆ ಮತ್ತೊಬ್ಬ ಎಕ್ಸ್, ಮತ್ತೊಬ್ಬ ವೈ. ಹೆಚ್ಚಿಗೆ ಇರುವ ಸಂಖ್ಯೆ ಎಂದರೆ ಪುಸ್ತಕ ತುಂಬಿದ ಪಾಟಿಚೀಲ. ಎಕ್ಸ್ ಎದ್ದು ಹೋದರೆ ವೈ ಬಂದು ಅವನ ಜಾಗದಲ್ಲಿ ಕೂಡಬೇಕು, ಬರಿಗೈಯಲ್ಲಿ ಅಲ್ಲ, ಪಾಟಿಚೀಲ ಹೆಗಲಿಗೆ ಹಾಕಿಕೊಂಡು. ಚೀಲ ಮರೆತು ಬಂದವರ ಬೆನ್ನಿಗೆ ಡಸ್ಟರಿನಿಂದ ಒಂದು ಬಿಳಿ ಮುದ್ರೆ. ಕೂತಲ್ಲಿಂದ ಎದ್ದು ಸುತ್ತಿ ಬಂದು ಮತ್ತೆ ಅದೇ ಬೆಂಚಿನಲ್ಲಿ ಕೂತವರನ್ನು ನೋಡಿ ಮಾಸ್ತರು ಹೇಳುತ್ತಿದ್ದ ಮಾತು ನನಗೆ ಇನ್ನೂ ಬಾಯಿಪಾಠ. "ಎದ್ದ ಬೆಂಚಿಗೇ ಹೋಗಿ ಕೂತ್ರ ಹಾಜರಿ ಹತ್ತತದ, ಲೆಕ್ಕ ಹತ್ತಂಗಿಲ್ಲ."

ಅವರ ಆಟದಲ್ಲಿ ವೈ ಆಗಲು ಯಾವಾಗಲೂ ನಾನೇ ಮುಂದೆ. ಲೆಕ್ಕದ ಹುಚ್ಚು ನನಗೆ ತಲೆಗೇರಿತ್ತು. ಸಂತೆಗೆ ಹೋದರೆ ಕುರಿ ಕೋಳಿಗಳ ತಲೆ ಎಣಿಸಿ, ಕಾಲು ಎಣಿಸಿ, ಕೋಳಿ ಮಾರುವವನಿಗೇ ಅವನ ಕೋಳಿ ಎಷ್ಟೆಂದು ಹೇಳಿ ಬೈಸಿಕೊಂಡಿದ್ದೇನೆ. ಮನೆಗೆ ನೆಂಟರು ಬಂದರೆ ಅವರ ವಯಸ್ಸು ಕೇಳಿ ಸಮೀಕರಣ ಕಟ್ಟುತ್ತಿದ್ದೆ. ನಮ್ಮಜ್ಜಿ ಒಬ್ಬಳು ಮಾತ್ರ ನನ್ನ ಕೈಗೆ ಸಿಗಲಿಲ್ಲ. ವಯಸ್ಸೆಷ್ಟು ಎಂದರೆ ಎಮ್ಮೆ ಕಳೆದುಹೋದ ವರ್ಷ ತಾನು ಹುಟ್ಟಿದ್ದು ಎನ್ನುತ್ತಿದ್ದಳು, ಎಮ್ಮೆ ಯಾವಾಗ ಕಳೆದುಹೋಯಿತು ಎಂದರೆ ತಾನು ಹುಟ್ಟಿದ ವರ್ಷ ಎನ್ನುತ್ತಿದ್ದಳು. ಆಕೆಯ ಲೆಕ್ಕವೂ ಹದಿನಾರು ಸಮ ಹದಿನಾರೇ.

ಮನೆಯಲ್ಲಿ ನನ್ನ ಎಕ್ಸ್ ನಮ್ಮಕ್ಕ ನಾಗಮ್ಮ. ಅವಳಿಗೆ ಲೆಕ್ಕ ಹತ್ತುತ್ತಿರಲಿಲ್ಲ, ಎಂಟನೆಯದಕ್ಕೇ ಶಾಲೆ ಬಿಟ್ಟಿದ್ದಳು. ಅಂಗಳದಲ್ಲಿ ಬೋರಲು ಹಾಕಿದ ಬಕೀಟಿನ ಮೇಲೆ ಕೂತು ಶೇಂಗಾ ಸುಲಿಯುತ್ತಿರುವಾಗ ನಾನು ಹೋಗಿ ಏಳು ಎನ್ನುತ್ತಿದ್ದೆ, ಏಳುತ್ತಿದ್ದಳು. ಅವಳ ಜಾಗದಲ್ಲಿ ನಾನು ಕೂತು ಲೆಕ್ಕ ಮುಂದುವರಿಸುತ್ತಿದ್ದೆ. ಮಡಿಲಲ್ಲಿ ಶೇಂಗಾ ಹಿಡಿದು ನಿಂತೇ ಇದ್ದು ಒಮ್ಮೆ ಕೇಳಿದಳು, ತಾನು ಎದ್ದ ಮೇಲೆ ಎಲ್ಲಿ ಹೋಗಬೇಕು ಎಂದು. ಎಲ್ಲಿಗೂ ಇಲ್ಲ, ನೀನು ಮುಗಿದೆ ಎಂದೆ. ಇಬ್ಬರೂ ನಕ್ಕೆವು. ಅವಳು ನಗುವಾಗ ಒಂದು ಕೈಯಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದಳು, ಸುಲಿದ ಶೇಂಗಾ ಕೆಳಗೆ ಬೀಳುತ್ತಿತ್ತು.

ಅಕ್ಕನನ್ನು ತಾಂಡೂರಿಗೆ ಕೊಟ್ಟರು. ಅವರದು ಊರಲ್ಲಿ ಬಹಳ ಕಾಲದಿಂದ ನೆಲೆ ನಿಂತ ಮನೆತನ. ಹುಡುಗ ಬಸ್ ಡಿಪೋದಲ್ಲಿ ಗುಮಾಸ್ತ, ಸಿಗರೇಟಿಲ್ಲ, ಸಿಟ್ಟಿಲ್ಲ. ನಮ್ಮ ಕಡೆ ಮದುವೆಯಾದ ಹುಡುಗಿಗೆ ಗಂಡನ ಮನೆಯಲ್ಲಿ ಬೇರೆ ಹೆಸರಿಡುತ್ತಾರೆ. ತಟ್ಟೆಯಲ್ಲಿ ಅಕ್ಕಿ ಹರವಿ, ಗಂಡನಾದವನು ಉಂಗುರದಿಂದ ಅದರ ಮೇಲೆ ಹೊಸ ಹೆಸರು ಬರೆಯುತ್ತಾನೆ. ಹೆಸರು ಗಟ್ಟಿಯಾಗಿ ಓದಿ ಎಲ್ಲರಿಗೂ ಸಕ್ಕರೆ ಹಂಚುತ್ತಾರೆ. ನಾಗಮ್ಮ ಸುವರ್ಣಾ ಆದಳು. ಹಳೆಯ ಹೆಸರು ಹಳತಾಯಿತು ಎಂದು ಅವರಿಗೆ ಅನಿಸಿರಬೇಕು. ಮೊದಲ ಸಲ ತವರಿಗೆ ಬಂದಾಗ ಗಂಡ ಹಿಂದಿನಿಂದ ಸುವರ್ಣಾ ಎಂದು ಕರೆದರೆ ಇವಳು ಯಾರನ್ನೋ ಕರೆಯುತ್ತಿದ್ದಾರೆಂದು ಸುಮ್ಮನೆ ರೊಟ್ಟಿ ಬಡಿಯುತ್ತಿದ್ದಳು. ನಾವೆಲ್ಲ ಹೊಟ್ಟೆ ಹುಣ್ಣಾಗುವಂತೆ ನಕ್ಕೆವು. ಎಮ್ಮೆಗೂ ಹೊಸ ಮನೆಯ ಹೆಸರು ರೂಢಿಯಾಗಲು ನಾಲ್ಕು ದಿನ ಬೇಕು, ತನಗೂ ಆಗುತ್ತದೆ ಎಂದಳು. ಆಕೆಗೆ ರೂಢಿಯಾಯಿತು. ಮಾವನ ಮನೆಯವರು ಕೊಂಡ ಸ್ಟೀಲಿನ ಪಾತ್ರೆಗಳ ಮೇಲೆಲ್ಲ ಚುಕ್ಕೆ ಚುಕ್ಕೆಯಾಗಿ ಸುವರ್ಣಾ ಎಂದು ಕೊರೆಸಿದ್ದರು. ಒಂದು ಲೋಟವನ್ನೂ ಬಿಟ್ಟಿರಲಿಲ್ಲ.

ಮುಂದಿನದನ್ನು ಉದ್ದ ಮಾಡಿ ಹೇಳಲು ನನಗೆ ಮನಸ್ಸಿಲ್ಲ. ಮೊದಲ ಹೆರಿಗೆಯಲ್ಲಿ ಅಕ್ಕ ತೀರಿಕೊಂಡಳು. ಕೂಸು ಉಳಿಯಿತು. ನಾರಾಯಣಖೇಡದಿಂದ ತಾಂಡೂರಿಗೆ ಹೋಗಬೇಕಾದರೆ ಜಹೀರಾಬಾದಿನಲ್ಲಿ ಬಸ್ಸು ಬದಲಿಸಬೇಕು. ಆ ದಿನ ಬಸ್ಸು ತಡವಾಗಿ, ನಾವು ಹೋಗಿ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ನನ್ನ ಕೈಗೆ ಕೂಸನ್ನು ಕೊಟ್ಟರು. ಯಾರು ಕೊಟ್ಟರೆಂದು ನೆನಪಿಲ್ಲ, ತಿರುಗಿ ಯಾರೂ ಇಸಕೊಳ್ಳಲಿಲ್ಲ ಎನ್ನುವುದು ನೆನಪಿದೆ.

ಸೂತಕ ಕಳೆದ ಮೇಲೆ ಹಿರಿಯರು ಬಂದು ನಮ್ಮ ಪಡಸಾಲೆಯಲ್ಲಿ ಕೂತರು. ತಾಯಿ ಸತ್ತ ಮೇಲೆ ತಂದೆ ಚಿಕ್ಕಪ್ಪ ಎಂಬ ಗಾದೆ ಹೇಳಿದರು. ಹೊರಗಿನವಳು ಬಂದರೆ ಮಲತಾಯಿ, ಒಳಗಿನವಳೇ ಹೋದರೆ ತಾಯಿ ಎಂದರು. ಎಲ್ಲವೂ ಸರಿ, ಒಂದು ಸಾಲಿನಲ್ಲೂ ತಪ್ಪು ಹುಡುಕಲು ಬರುತ್ತಿರಲಿಲ್ಲ. ಅವ್ವ ಒಳಗೆ ಅಳುತ್ತಿದ್ದಳು, ಅಳುತ್ತಲೇ ನನ್ನ ಸೀರೆಗೆ ಬಣ್ಣ ಯಾವುದು ಎಂದು ಕೇಳುತ್ತಿದ್ದಳು. ನನ್ನನ್ನು ಯಾರೂ ಏನೂ ಕೇಳಲಿಲ್ಲ. ಕೇಳಿದ್ದರೆ ಏನು ಹೇಳುತ್ತಿದ್ದೆನೋ ನನಗೂ ಗೊತ್ತಿಲ್ಲ, ಯಾಕೆಂದರೆ ಕೂಸು ಆಗಲೇ ನನ್ನ ಹೆಗಲ ಮೇಲೆ ಮಲಗಲು ಕಲಿತಿತ್ತು.

ಒಬ್ಬರು ಮಾತ್ರ ನನ್ನ ಪರವಾಗಿ ಬಂದರು, ಕಾಶಿನಾಥ ಮಾಸ್ತರು. ಬಂದವರು ಬಿಸಿಲಿನ ಬಗ್ಗೆ ಮಾತಾಡಿದರು, ತೊಗರಿಯ ಬಗ್ಗೆ ಮಾತಾಡಿದರು, ಚಹಾ ಆರಿತು. ಕೊನೆಗೆ ಈ ಹುಡುಗಿ ಲೆಕ್ಕದಲ್ಲಿ ಹುಷಾರಿದ್ದಾಳೆ, ಹತ್ತನೆಯ ಪರೀಕ್ಷೆ ಮುಗಿಯುವ ತನಕವಾದರೂ ತಡೆಯಿರಿ ಎಂದರು. ಅಪ್ಪ ಅಂಚೆ ಕಚೇರಿಯಲ್ಲಿ ಕೆಲಸ ಮಾಡುವವರು, ಯಾರಿಗೂ ಎದುರಾಡುವವರಲ್ಲ. ಬಹಳ ಮೆಲ್ಲಗೆ ಹೇಳಿದರು. "ನಾವು ತಡೀತೀವ್ರಿ ಮಾಸ್ತರ. ಕೂಸು ತಡೀತದೇನ್ರಿ?"

ಮಾಸ್ತರು ಆರಿದ ಚಹಾ ಕುಡಿದು ಎದ್ದರು. ಬಾಗಿಲಲ್ಲಿ ನಿಂತಿದ್ದ ನನ್ನ ಕಡೆ ನೋಡದೆ ಚಪ್ಪಲಿ ಮೆಟ್ಟಿಕೊಂಡು ಹೋದರು. ಮೊದಲು ಅವರ ಮೇಲೆ ಸಿಟ್ಟಿತ್ತು. ಈಗ ಇಲ್ಲ. ಅಪ್ಪನ ಪ್ರಶ್ನೆಗೆ ಇವತ್ತಿಗೂ ನನ್ನ ಹತ್ತಿರವೂ ಉತ್ತರವಿಲ್ಲ.

ನನ್ನ ಮದುವೆಯಲ್ಲಿ ಬಾಜಾ ಇರಲಿಲ್ಲ. ಅಕ್ಕಿಯ ತಟ್ಟೆ ಇತ್ತು. ಏನು ಬರೆಯಬೇಕೆಂದು ಶಾಸ್ತ್ರ ಮಾಡಿಸುವ ಅಯ್ಯನವರು ಕೇಳಿದರು. ನನ್ನ ಹುಟ್ಟು ಹೆಸರು ಜಗದೇವಿ. ಅದು ಹೋಗುವುದು ಗೊತ್ತೇ ಇತ್ತು, ಹೋಗಿ ಯಾವುದು ಬರುತ್ತದೆಂದು ಹುಡುಗಿಯರಿಗೆ ಕುತೂಹಲ ಇರುತ್ತದಲ್ಲ, ಅಷ್ಟು ದುಃಖದಲ್ಲಿಯೂ ನನಗೆ ಇತ್ತು. ಶೋಭಾ ಎಂದು ಬರೆದರೆ ಆದೀತು ಎಂದುಕೊಂಡಿದ್ದೆ, ನಾಚಿಕೆಯಿಲ್ಲದೆ ಹೇಳುತ್ತೇನೆ. ಅತ್ತೆ ಒಳಗಿನಿಂದ ಹೇಳಿದರು. "ಇದ್ದದ್ದೇ ಬರೀರಿ ಅಪ್ಪಾ. ಎಲ್ಲಾರ ಬಾಯಿಗಿ ರೂಢಿ ಆಗ್ಯದ, ಭಾಂಡೆ ಮ್ಯಾಲೂ ಅದೇ ಕೊರಸ್ಯದ."

ಅಕ್ಕನ ಗಂಡನಾಗಿದ್ದವರು, ಈಗ ನಮ್ಮವರು, ಬರೆದರು. ಆ ಅಕ್ಷರಗಳನ್ನು ಒಮ್ಮೆ ಅಕ್ಕಿಯ ಮೇಲೆ ಬರೆದ ಕೈ, ಸ್ವಲ್ಪವೂ ತಡವರಿಸಲಿಲ್ಲ. ಸುವರ್ಣಾ ಎಂದು ಗಟ್ಟಿಯಾಗಿ ಓದಿದರು. ಸಕ್ಕರೆ ಹಂಚಿದರು, ನನಗೂ ಕೊಟ್ಟರು. ಅತ್ತೆ ಕೆಟ್ಟವರಾಗಿರಲಿಲ್ಲ. ಪಾತ್ರೆಯ ಮೇಲಿನ ಹೆಸರನ್ನು ತಿಕ್ಕಿ ತೆಗೆಯಲು ಬರುವುದಿಲ್ಲ, ಹುಡುಗಿಯ ಹೆಸರನ್ನು ತೆಗೆಯಲು ಬರುತ್ತದೆ. ಅವರ ಲೆಕ್ಕ ಅಷ್ಟು ಸರಳವಾಗಿತ್ತು.

ಆಮೇಲೆ ಎಲ್ಲವೂ ಹಾಗೆಯೇ. ಅಕ್ಕನ ಸೀರೆಗಳು ನನಗೆ ಬಂದವು, ಕುಪ್ಪಸಗಳನ್ನು ಎರಡೂ ಬದಿ ಹಿಡಿದು ಹೊಲಿದರು. ನಾನು ಮೈ ತುಂಬಿಕೊಂಡಾಗ ಅದೇ ಹೊಲಿಗೆ ಬಿಚ್ಚಿದರು. ಎರಡನೆಯವಳಾಗಿ ಬಂದವಳು ತೀರಿಕೊಂಡವಳ ಹೆಸರಲ್ಲಿ ಸಣ್ಣದೊಂದು ಬಿಲ್ಲೆಯನ್ನು ತಾಳಿಯ ಜೊತೆ ಕಟ್ಟಿಕೊಳ್ಳುವ ಪದ್ಧತಿ, ಸವತಿ ತಾಳಿ ಎನ್ನುತ್ತಾರೆ. ಅದನ್ನೂ ಕಟ್ಟಿದರು. ಶೇಂಗಾ ಸುಲಿಯುತ್ತಾ ನನ್ನ ಮಾತಿಗೆ ಎದ್ದು ನಿಲ್ಲುತ್ತಿದ್ದ ಅಕ್ಕ ನನ್ನ ಸವತಿಯಾದಳು. ಮೊದಲ ದಿನ ಬೆಳಿಗ್ಗೆ ನಮ್ಮವರು ಹೊರಗಿನಿಂದ ಸುವರ್ಣಾ, ಚಹಾ ಎಂದು ಕರೆದರು. ನಾನು ಚಹಾ ಒಯ್ದು ಕೊಟ್ಟೆ. ಓಣಿಯ ಹೆಂಗಸರು ಬಂದು ಮನೆ ಮತ್ತೆ ಮೊದಲಿನ ಹಾಗೆ ಆಯಿತು ಎಂದು ಸಮಾಧಾನಪಟ್ಟು ಹೋದರು. ಮೊದಲಿನ ಹಾಗೇ ಆಗಿತ್ತು. ಬೆಂಚು ಅದೇ, ಹಾಜರಿಯೂ ಹತ್ತಿತ್ತು.

ಬೈಯಲು ಒಬ್ಬ ಕೆಟ್ಟ ಮನುಷ್ಯ ಸಿಕ್ಕಿದ್ದರೆ ನನ್ನ ಬಾಳು ಸುಲಭವಾಗುತ್ತಿತ್ತು ಎಂದು ಎಷ್ಟೋ ಸಲ ಅನಿಸಿದೆ. ನಮ್ಮವರು ಕೈ ಎತ್ತಿದವರಲ್ಲ, ಮಾತು ಎತ್ತಿದವರೂ ಅಲ್ಲ. ನನ್ನ ಇಷ್ಟದ ಪಲ್ಯ ಹೀರೇಕಾಯಿ. ಅವರು ಸಂತೆಯಿಂದ ಬದನೆಕಾಯಿ ತಂದು, ನಿನಗೆ ಸೇರುತ್ತದಲ್ಲ ಎಂದು ಪ್ರೀತಿಯಿಂದ ಕೊಡುತ್ತಿದ್ದರು. ಬದನೆಕಾಯಿ ಅಕ್ಕನಿಗೆ ಸೇರುತ್ತಿತ್ತು. ನಾನು ಎಣ್ಣೆಗಾಯಿ ಮಾಡಿ ಬಡಿಸಿ ತಿಂದೆ. ಈಗ ಕೇಳಿದರೆ ನನಗೆ ನಿಜವಾಗಿ ಯಾವುದು ಇಷ್ಟ ಎಂದು ಹೇಳಲು ಸ್ವಲ್ಪ ಯೋಚಿಸಬೇಕಾಗುತ್ತದೆ.

ಸಂಬಂಧದಲ್ಲಿ ನಾನು ಅಂಬಿಕಾಗೆ ಚಿಗವ್ವ, ಅಂದರೆ ಅವ್ವನ ತಂಗಿ. ಆ ಮಾತನ್ನು ಅವಳ ಕಿವಿಗೆ ಹಾಕಬಾರದೆಂದು ಅತ್ತೆಯ ಅಪ್ಪಣೆ. ನಮ್ಮವ್ವನೂ ಹೂಂ ಎಂದು ತಲೆಯಾಡಿಸಿದಳು. ಹೀಗಾಗಿ ಕೂಸಿನ ತುಟಿಯ ಮೇಲೆ ನಾನೇ ಬೆರಳಿಟ್ಟು ಅವ್ವ ಅನ್ನು, ಅವ್ವ ಅನ್ನು ಎಂದು ಕಲಿಸಿದೆ. ಅಂದಳು. ಆ ದಿನ ನಾನು ಅಡುಗೆ ಮನೆಗೆ ಹೋಗಿ ಅತ್ತುಬಿಟ್ಟೆ. ಸುಖಕ್ಕೋ ದುಃಖಕ್ಕೋ ಬಿಡಿಸಿ ಹೇಳಲಾರೆ, ಎರಡೂ ಒಂದೇ ಪಾತ್ರೆಯಲ್ಲಿ ಕುದಿಯುತ್ತಿದ್ದವು. ನನ್ನ ಹೊಟ್ಟೆಯಲ್ಲಿ ಬೇರೆ ಮಕ್ಕಳು ಹುಟ್ಟಲಿಲ್ಲ. ಅವಳೊಬ್ಬಳೇ ನನ್ನವಳು. ಅವಳು ನಾಲ್ಕನೆಯ ತರಗತಿಯಲ್ಲಿದ್ದಾಗ ಯಾರೋ ಪುಣ್ಯಾತ್ಮರು ನಿಜ ಹೇಳಿಬಿಟ್ಟರು. ಓಡಿ ಬಂದು ಖರೆಯೇನು ಎಂದು ಕೇಳಿದಳು. ಖರೆ ಎಂದೆ. ಪಾಟಿಚೀಲ ಕೆಳಗಿಟ್ಟು, ಹಸಿವಾಗಿದೆ ಅವ್ವಾ ಎಂದಳು. ಅದಕ್ಕಿಂತ ದೊಡ್ಡ ಮಾತನ್ನು ನನಗೆ ಯಾರೂ ಆಡಿಲ್ಲ.

ಅಷ್ಟು ಹೊತ್ತಿಗೆ ನಮ್ಮವರಿಗೆ ಜಹೀರಾಬಾದಿಗೆ ವರ್ಗವಾಗಿತ್ತು. ಬಸ್ಸು ಬದಲಿಸುವ ಊರಿನಲ್ಲಿಯೇ ಇಳಿದು ಉಳಿದೆವು. ಅಂಬಿಕಾ ಶಾಲೆಗೆ ಹೋಗುವಾಗ ನಾನೂ ಮನೆಯಲ್ಲಿ ಕೂತು ಓದಿ ಹತ್ತನೆಯ ಪರೀಕ್ಷೆ ಕಟ್ಟಿದೆ. ಆಮೇಲೆ ಇಂಟರ್ ಕಟ್ಟಿದೆ, ಆಮೇಲೆ ಡಿಗ್ರಿ. ಸುವರ್ಣಾಗೆ ವಿದ್ಯೆಯ ದಾಹ ಎಷ್ಟು ನೋಡಿ ಎಂದು ಓಣಿಯವರು ಹೊಗಳಿದರು. ನಮ್ಮವರು ಹೆಮ್ಮೆಯಿಂದ ಪರೀಕ್ಷೆಯ ಹಾಲಿನ ತನಕ ಬಿಟ್ಟು ಬರುತ್ತಿದ್ದರು. ದಾಹ ಇತ್ತು, ಸುಳ್ಳಲ್ಲ, ಆದರೆ ಜನ ತಿಳಿದಷ್ಟು ಘನವಾದದ್ದಲ್ಲ. ಶಾಲೆಯ ದಾಖಲೆಯಲ್ಲಿ ನನ್ನ ಹೆಸರು ಬದಲಾಗಿರಲಿಲ್ಲ. ಪರೀಕ್ಷೆಯ ಹಾಲಿನಲ್ಲಿ ಯಾರೋ ಗುರುತಿಲ್ಲದ ಮೇಲ್ವಿಚಾರಕ ಬಂದು ಜಗದೇವಿ ಎಂದು ಕೂಗುತ್ತಿದ್ದ. ಹಾಜರ್ ಎಂದು ಏಳುತ್ತಿದ್ದೆ. ಅದಕ್ಕಾಗಿಯೇ ಪರೀಕ್ಷೆ ಕಟ್ಟಿದವಳು ನಾನು. ಒಂದು ವಿಷಯದಲ್ಲಿ ಫೇಲಾದಾಗ ಮತ್ತೆ ಕೂಡಲು ಬರುತ್ತದಲ್ಲ ಎಂದು ಒಳಗೊಳಗೆ ಸಂತೋಷವೇ ಆಗಿತ್ತು. ಡಿಗ್ರಿ ಮುಗಿದ ಮೇಲೆ ಕರೆಯುವವರು ಯಾರೂ ಉಳಿಯಲಿಲ್ಲ. ಈಗ ಓಣಿಗೆಲ್ಲ ನಾನು ಸುವರ್ಣಾ ಟೀಚರ್.

ಈ ಪರೀಕ್ಷೆಯ ಕತೆಯನ್ನು ಅಂಬಿಕಾ ಒಬ್ಬಳಿಗೆ ಹೇಳಿದ್ದೆ, ಅವಳು ದೊಡ್ಡವಳಾದ ಮೇಲೆ, ನಗುತ್ತಾ. ಅವಳೂ ನಕ್ಕಿದ್ದಳು. ಆದರೆ ಮನಸ್ಸಿನಲ್ಲಿ ಇಟ್ಟುಕೊಂಡಿದ್ದಳೆಂದು ತಿಳಿದದ್ದು ಹೋದ ವರ್ಷ ಅವಳ ಮದುವೆಯಲ್ಲಿ.

ಹುಡುಗ ಬಶೀರಾಬಾದಿನವನು, ಒಳ್ಳೆಯ ಜನ. ಈಗ ಎಲ್ಲ ಶಾಸ್ತ್ರವೂ ಫಂಕ್ಷನ್ ಹಾಲಿನಲ್ಲೇ ಮುಗಿಯುತ್ತದೆ. ತಾಳಿ ಕಟ್ಟಿದ್ದಾಯಿತು, ಅಕ್ಕಿಯ ತಟ್ಟೆ ಬಂತು, ಫೋಟೋದವನು ದೀಪ ಹಿಡಿದು ನಿಂತ. ಕಾಲ ಎಷ್ಟೋ ಸುಧಾರಿಸಿದೆ ನೋಡಿ, ಹೆಸರು ಬದಲಿಸುವುದು ಬಿಟ್ಟಿಲ್ಲ, ಯಾವುದು ಬೇಕೆಂದು ಹುಡುಗಿಯನ್ನೇ ಕೇಳುತ್ತಾರೆ. ಹುಡುಗನ ತಾಯಿ ಕೇಳಿದರು. ಅಂಬಿಕಾ ಎಲ್ಲ ಮೊದಲೇ ಗಟ್ಟಿ ಮಾಡಿಕೊಂಡವಳ ಹಾಗೆ ನನ್ನ ಕಡೆ ನೋಡಿ ನಕ್ಕಳು.

"ಜಗದೇವಿ ಅಂತ ಬರೀರಿ. ನಮ್ಮವ್ವನ ಹೆಸರು."

ಹಾಲಿನಲ್ಲಿ ಆಹಾ ಎನ್ನುವ ಗುಜುಗುಜು ಎದ್ದಿತು. ಸಾಕಿದವಳ ಋಣ ಇಟ್ಟುಕೊಳ್ಳಲಿಲ್ಲ ಹುಡುಗಿ ಎಂದರು. ಹುಡುಗನ ತಾಯಿ ದೇವಿಯ ಹೆಸರು, ಬಹಳ ಚೆಂದ ಎಂದರು. ನಮ್ಮವರು ಟವೆಲಿನಿಂದ ಕಣ್ಣು ಒರೆಸಿಕೊಂಡರು. ಹುಡುಗ ಉಂಗುರ ಹಿಡಿದು ಅಕ್ಕಿಯ ಮೇಲೆ ಬಾಗಿದ. ಈಗ ನಾನು ಅಳುತ್ತೇನೆಂದು ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಫೋಟೋದವನು ದೀಪವನ್ನು ನನ್ನ ಕಡೆ ತಿರುಗಿಸಿದ.

"ಬ್ಯಾಡ," ಎಂದೆ.

ಬಾಯಿಂದ ಬಂದದ್ದು ನನಗೂ ಕೇಳಿಸಿತು. ಹುಡುಗನ ಕೈ ನಿಂತಿತು. ಅಂಬಿಕಾಳ ನಗು ಇನ್ನೂ ಮುಖದ ಮೇಲೇ ಇತ್ತು, ತಮಾಷೆ ಎಂದುಕೊಂಡಿದ್ದಳು. ತಲೆಯ ಮೇಲಿನ ಸೆರಗು ಹಿಡಿದುಕೊಂಡು ನನ್ನ ಹತ್ತಿರ ವಾಲಿ ಮೆಲ್ಲಗೆ ಹೇಳಿದಳು.

"ಯಾಕವ್ವಾ? ನಿನ್ನ ಹೆಸರು ಉಳೀಲಿ ಅಂತ ನಾ ಹೇಳ್ದೆ. ನೀ ಹ್ಯಾಂಗೂ ಬಳಸಂಗಿಲ್ಲ, ಸುಮ್ನ ಬಿದ್ದದಲ್ಲ ಅದು."

"ಬಿದ್ದಿರಲಿ. ಅದು ನನ್ನದು."

ಅವಳದು ಪ್ರೀತಿ ಎಂದು ನನಗೆ ಗೊತ್ತಿತ್ತು. ಆಗಲೂ ಗೊತ್ತಿತ್ತು, ಈಗಲೂ ಗೊತ್ತಿದೆ. ಅತ್ತೆ ಹೆಸರು ಇಟ್ಟದ್ದೂ ಒಂದು ರೀತಿಯ ಪ್ರೀತಿಯೇ, ಬದನೆಕಾಯಿಯೂ ಪ್ರೀತಿಯೇ. ನನ್ನ ಹದಿನಾರನೆಯ ವಯಸ್ಸು, ನನ್ನ ಪರೀಕ್ಷೆ, ನನ್ನ ನಿದ್ದೆ, ಅವಳಿಗಾಗಿ ಏನು ಕೊಟ್ಟಿಲ್ಲ ನಾನು, ಯಾವುದನ್ನೂ ಇಲ್ಲ ಎನ್ನಲಿಲ್ಲ. ಆದರೆ ಆ ಉಂಗುರ ಅಕ್ಕಿಗೆ ತಾಗುವ ಹೊತ್ತಿಗೆ ನನಗೆ ಒಂದು ಭಯ ಬಂತು. ನಾಳೆ ಬಶೀರಾಬಾದಿನಲ್ಲಿ ಯಾರೋ ಜಗದೇವಿ ಎಂದು ಕರೆಯುತ್ತಾರೆ, ಅಂಬಿಕಾ ಬಂದೆ ಎನ್ನುತ್ತಾಳೆ. ಆಮೇಲೆ ಆ ಜಾಗವೂ ತುಂಬಿತು. ನಾನು ಎಲ್ಲಿ ಕೂಡಲಿ? ಇದನ್ನೆಲ್ಲ ಅವಳಿಗೆ ಬಿಡಿಸಿ ಹೇಳಬಹುದಿತ್ತು. ಇಷ್ಟು ವರ್ಷ ಮಕ್ಕಳಿಗೆ ಬಿಡಿಸಿ ಹೇಳುವುದೇ ನನ್ನ ಕೆಲಸ. ಆದರೆ ಹಾಲಿನ ತುಂಬ ಜನ, ಮುಖದ ಮೇಲೆ ದೀಪ.

ಹುಡುಗನ ತಾಯಿ ಜಾಣೆ. ಅಂಬಿಕಾ ಎಂಬುದೂ ದೇವಿಯ ಹೆಸರೇ, ಇದ್ದದ್ದೇ ಇರಲಿ ಎಂದರು. ಹುಡುಗ ಅಂಬಿಕಾ ಎಂದು ಬರೆದ. ನಮ್ಮ ಮನೆತನದಲ್ಲಿ ಹುಟ್ಟು ಹೆಸರನ್ನೇ ಗಂಡನ ಮನೆಗೆ ಒಯ್ದ ಮೊದಲ ಹುಡುಗಿ ಅವಳು. ಅದನ್ನು ಯಾರೂ ಗಮನಿಸಲಿಲ್ಲ. ಸಕ್ಕರೆ ಹಂಚಿದರು, ಬಾಯಿಗೆ ಹಾಕಿಕೊಂಡವರ ಮುಖ ಮಾತ್ರ ಹುಳಿ. ನನ್ನ ಹಿಂದಿನ ಸಾಲಿನಲ್ಲಿ ಒಬ್ಬಾಕೆ, ನನಗೆ ಕೇಳಲಿ ಎಂದೇ ಇರಬೇಕು, ಹಡೆದವಳು ಇದ್ದಿದ್ದರೆ ಹೀಗೆ ಮಾಡುತ್ತಿದ್ದಳೇ ಎಂದಳು. ಇಲ್ಲ, ಮಾಡುತ್ತಿರಲಿಲ್ಲ. ಹಡೆದವಳು ಜೀವವನ್ನೇ ಕೊಟ್ಟಳು. ಅವಳ ಜೊತೆ ನನ್ನನ್ನು ತೂಗಿದರೆ ನಾನು ಯಾವತ್ತಿದ್ದರೂ ಕಡಿಮೆಯೇ.

ಊಟದ ಹೊತ್ತಿನಲ್ಲಿ ಅಂಬಿಕಾ ನನ್ನ ಹತ್ತಿರ ಬರಲಿಲ್ಲ. ನಾನು ತಟ್ಟೆಗೆ ಹೋಳಿಗೆ ಹಾಕಿಸಿ ಕಳಿಸಿದೆ, ಹಾಗೆಯೇ ತಿರುಗಿ ಬಂತು. ಹುಡುಗಿಯನ್ನು ಕಳಿಸುವ ಹೊತ್ತಾಯಿತು. ಹಾಲಿನ ಮುಂದೆ ಕಾರು ಬಂದು ನಿಂತಿತ್ತು, ಹೂವಿನ ಸರ ಆಗಲೇ ಬಾಡಿತ್ತು. ಅಂಬಿಕಾ ಅಪ್ಪನ ಕಾಲಿಗೆ ಬಿದ್ದು, ಅವರ ಎದೆಗೆ ಒರಗಿ ಅತ್ತಳು. ಹುಟ್ಟಿದಾಗಿನಿಂದ ನನ್ನನ್ನು ನೀ ಎಂದು ಕರೆದ ಹುಡುಗಿ, ಸಿಟ್ಟು ಬಂದರೂ ನೀ, ಜ್ವರ ಬಂದರೂ ನೀ. ನನ್ನ ಮುಂದೆ ಬಂದು ನಿಂತಳು. ಕಾಲು ಮುಟ್ಟಿದಳು, ಎದ್ದಳು, ಕಣ್ಣು ಒರೆಸಿಕೊಂಡು ನನ್ನ ಮುಖವನ್ನೇ ನೋಡಿದಳು.

"ಹೋಗಿ ಬರ್ತೀನ್ರಿ, ಜಗದೇವಿ ಚಿಗವ್ವ," ಎಂದಳು.

ನನ್ನ ಮದುವೆಯಾದ ಮೇಲೆ ಮನೆಯವರೊಬ್ಬರು ನನ್ನನ್ನು ನನ್ನ ಹೆಸರು ಹಿಡಿದು ಕರೆದದ್ದು ಅದೇ ಮೊದಲು. ನಾನು ಓ ಎಂದೆ.